ಜಾನಿಯ ಮೇಲೆ ಹೊರಿಸಿದ ಕಳವು

ಹಾರ್ಪರ್ ದ್ವೀಪ, ಫಾಕ್‌ಲೆಂಡ್
೯ ನವೆಂಬರ್ ೧೯೭೧

ಪ್ರೀತಿಯ ಮ್ಯೂರಿಯಲ್ ಅಕ್ಕ,

ಗಾಳಿ ತಗ್ಗಿದೆ. ನಾಳೆ ಮಧ್ಯಾಹ್ನ ವಿಮಾನ ನಮ್ಮ ಕೊಲ್ಲಿಯಲ್ಲಿ ಇಳಿಯಬಹುದು. ಈ ಕಾಗದದ ಜೊತೆ ಪೆಂಗ್ವಿನ್ ಮೊಟ್ಟೆ ಕಳಿಸುತ್ತಿದ್ದೇನೆ. ಈ ಸಲ ಬುಟ್ಟಿ ತುಂಬಿಲ್ಲ, ಕ್ಷಮಿಸು.

ರೇಡಿಯೋದಲ್ಲಿ ಆಡಲಾಗದ್ದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಸ್ಟಾನ್ಲಿಯ ಡಾಕ್ಟರು ದ್ವೀಪಗಳನ್ನು ಒಂದೊಂದಾಗಿ ಕರೆದು ಕಾಯಿಲೆ ಕೇಳುವಾಗ ಎಲ್ಲರೂ ಕೆಲಸ ಬಿಟ್ಟು ತಮ್ಮ ತಮ್ಮ ರೇಡಿಯೋಗೆ ಕಿವಿಗೊಡುತ್ತಾರೆ. ಆಚೆ ದ್ವೀಪದ ಡಂಕನ್ ತನ್ನ ಮೂಲವ್ಯಾಧಿ ಹೇಳಿಕೊಂಡದ್ದೇ ತಡ, ಇವತ್ತಿಗೂ ಕಂಡವರೆಲ್ಲ "ಕೂತ್ಕೊಳಪ್ಪಾ ಡಂಕನ್, ಕೂತ್ಕೋ" ಎನ್ನುತ್ತಾರೆ.

ನನ್ನ ಗಂಡನ ಕಣ್ಣು ಮಂದವಾಗುತ್ತಿದೆ. ಮಂಜು ಕವಿದಿದೆ ಎನ್ನುತ್ತಾನೆ ಹೆಕ್ಟರ್, ಮಂಜಿಲ್ಲದ ದಿನವೂ. ಕುರಿ ಕಾಯುವವನಿಗೆ ಕಣ್ಣಿಲ್ಲವೆಂದು ಧಣಿಗಳಿಗೆ ತಿಳಿದರೆ ಕೆಲಸದ ಜೊತೆ ಮನೆಯೂ ಹೋಗುತ್ತದೆ. "ಬಾಯ್ಬಿಟ್ಟೆಯೋ, ಮನೆ ಬಿಟ್ಟ ಹಾಗೇ" ಎಂದಿದ್ದಾನೆ.

ಹೋದ ವಾರ ಒಂದು ಕುರಿ ಹಳ್ಳದಲ್ಲಿ ಅಂಗಾತ ಬಿದ್ದಿತ್ತು. ಉಣ್ಣೆ ಕತ್ತರಿಸುವ ಮುಂಚಿನ ಈ ದಿನಗಳಲ್ಲಿ ಹಾಗೆ ಬಿದ್ದದ್ದು ಮೈಭಾರಕ್ಕೆ ತಾನಾಗಿ ಏಳಲಾರದು. ಹೆಕ್ಟರ್ ಅದರ ಪಕ್ಕದಲ್ಲೇ ಕುದುರೆಯಲ್ಲಿ ಹಾದುಹೋದ. ಹಿಂದಿನಿಂದ ನಾನು ಬರುವಷ್ಟರಲ್ಲಿ ಜಾನಿ ರೂಕ್ ಹದ್ದುಗಳು ಸುತ್ತ ಕೂತಿದ್ದವು. ಅವು ಮೊದಲು ಬಾಯಿ ಹಾಕುವುದು ಕಣ್ಣಿಗೇ ಎಂದು ನಿನಗೆ ಗೊತ್ತು. ಕುರಿಗೆ ಇನ್ನೂ ಜೀವವಿತ್ತು.

"ಕಿವೀನೂ ಹೋಯ್ತಾ ನಿಂಗೆ? ಒದ್ದಾಡ್ತಿದ್ದದ್ದು ಕೇಳ್ಲಿಲ್ವಾ?" ಅಂದುಬಿಟ್ಟೆ. ಅವನು "ಜಾನಿಗಳ ಕಾಟ ಜಾಸ್ತಿ ಆಯ್ತು" ಎಂದು ಬಂದೂಕು ಇಳಿಸಿಕೊಂಡ.

ಈಗ ಅವು ಅವನ ಹಿಂದೆಯೇ ಬರುತ್ತವೆ. ಹಾರುವುದಿಲ್ಲ, ಕೋಳಿಗಳ ಹಾಗೆ ಓಡಿ ಬರುತ್ತವೆ, ಅವನು ನಿಂತರೆ ನಿಲ್ಲುತ್ತವೆ. ನನ್ನ ಹಿಂದೆ ಬರುವುದಿಲ್ಲ. ಪೆಂಗ್ವಿನ್ ಗುಂಪಿನ ಅಂಚಿನಲ್ಲೂ ಹೀಗೇ ಕಾಯುತ್ತವೆ. ಯಾವ ಮರಿ ಸೋತಿದೆಯೆಂದು ತಾಯಿಗಿಂತ ಮೊದಲು ಅವಕ್ಕೆ ತಿಳಿಯುತ್ತದೆ.

ಬಂದೂಕಿನ ಭಯ ಸದ್ಯಕ್ಕಿಲ್ಲ. ನಿನ್ನೆ ಅವನು ಅದನ್ನು ಬಿಚ್ಚಿ ಒರೆಸಿ ಮೆಟ್ಟಿಲ ಮೇಲಿಟ್ಟಿದ್ದಾಗ, ಗುಂಡು ಒಳತಳ್ಳುವ ಕೀಲನ್ನು ಜಾನಿಯೊಂದು ಕಚ್ಚಿಕೊಂಡು ಹೋಯಿತು. ಟೋಪಿ, ಸಾಬೂನು, ಕೆಟಲಿನ ಮುಚ್ಚಳ ಕದ್ದ ಹಕ್ಕಿಗೆ ಇದೇನು ದೊಡ್ಡದು? "ಕೀಲು ಅವ್ನ ಹತ್ರ ಐತೆ, ಬಂದೂಕೂ ಒಯ್ದು ನನ್ನೇ ಹೊಡೀತಾನೆ ನೋಡು" ಎಂದು ಹೆಕ್ಟರ್ ನಕ್ಕ. ಅವನು ನಕ್ಕು ಬಹಳ ದಿನವಾಗಿತ್ತು.

ನಿನ್ನ ತಂಗಿ,
ಆಗ್ನೆಸ್

ತಾ.ಕ.: ಹದ್ದು ಏನನ್ನೂ ಒಯ್ದಿಲ್ಲ. ಕೀಲು ನನ್ನ ಹಿಟ್ಟಿನ ಡಬ್ಬಿಯ ತಳದಲ್ಲಿದೆ. ಮೊನ್ನೆ ಕಂದು ಕೋಟು ಹಾಕಿಕೊಂಡು, ಎತ್ತರದ ಹುಲ್ಲಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮೊಟ್ಟೆ ಆರಿಸುತ್ತಿದ್ದೆ. ಗುಂಡು ಕೋಟಿನ ತೋಳಿನಲ್ಲಿ ಹಾದುಹೋಯಿತು. ಮೈಗೆ ತಾಗಲಿಲ್ಲ, ಬುಟ್ಟಿ ಉರುಳಿತು. "ಇಷ್ಟು ದೊಡ್ಡ ಜಾನಿ, ಸ್ವಲ್ಪದ್ರಲ್ಲಿ ತಪ್ಪಿಸ್ಕೊಂಡ" ಎಂದು ಸಂಜೆ ಹೆಕ್ಟರ್ ಹೇಳಿದ. ನಾನು ಒಲೆಯ ಪಕ್ಕ ಕೂತು ತೋಳು ಹೊಲಿಯುತ್ತಿದ್ದೆ.

ನಾಳೆ ಡಾಕ್ಟರು ನಮ್ಮ ದ್ವೀಪವನ್ನು ಕರೆದಾಗ ಅವನ ಕಣ್ಣಿನ ವಿಷಯ ಹೇಳಿಬಿಡುತ್ತೇನೆ, ಯಾರು ಬೇಕಾದರೂ ಕೇಳಲಿ. ಈ ಕಾಗದ ತಲುಪುವ ಮೊದಲೇ ನೀನೂ ಕೇಳಿರುತ್ತೀಯ. ಗುಂಡಿನ ವಿಷಯ ಮಾತ್ರ ಹೇಳುವುದಿಲ್ಲ. ಅದು ಅವನಿಗೂ ಗೊತ್ತಿಲ್ಲ.