ಎರಡಿಂಚು ಕಡಿಮೆ ಬಿದ್ದ ಗೋಲ್‌ಕೀಪರ್

ಮನೆಯಿಂದ, ಹೊಲಿಗೆ ಯಂತ್ರದ ಪಕ್ಕದ ಮೇಜು
ಜೂನ್ ೧೧, ಮಧ್ಯಾಹ್ನ

ಪ್ರೀತಿಯ ಮಗಳೇ,

ಹಿಮ್ಮಡಿ ನೋವು ಈಗ ಹೇಗಿದೆ? ದಿನವಿಡೀ ನಿಂತು ಔಷಧಿ ಡಬ್ಬಿ ತುಂಬುವ ಕೆಲಸ, ಮೆತ್ತನೆಯ ಚಪ್ಪಲಿ ಹಾಕಿಕೋ ಎಂದರೆ ನೀನು ಕೇಳುವವಳಲ್ಲ. ನಾನು ಚೆನ್ನಾಗಿದ್ದೇನೆ. ಸೂಜಿಗೆ ದಾರ ಪೋಣಿಸಲು ಮಾತ್ರ ಪಕ್ಕದ ಮನೆಯವಳನ್ನು ಕೂಗಬೇಕು; ದಾರದ ಜೊತೆಗೆ ಅವಳು ಬೀದಿಯ ಸುದ್ದಿಯನ್ನೂ ಪೋಣಿಸಿಕೊಟ್ಟು ಹೋಗುತ್ತಾಳೆ.

ಈ ವಿಷಯ ಫೋನಿನಲ್ಲಿ ಹೇಳಲು ಧೈರ್ಯವಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎಂಟು ತಿಂಗಳಿಂದ ನಿನಗೆ ಸುಳ್ಳು ಹೇಳುತ್ತಾ ಬಂದಿದ್ದೇನೆ. ನಿನ್ನ ಮಗನನ್ನು ಫುಟ್‌ಬಾಲ್ ಕ್ಲಬ್ಬಿನವರು ಅಕ್ಟೋಬರಿನಲ್ಲೇ ಕೈಬಿಟ್ಟಿದ್ದರು. ಗೋಲ್‌ಕೀಪರ್ ಆಗಲು ಎರಡಿಂಚು ಎತ್ತರ ಸಾಲದಂತೆ. ಅವತ್ತು ಚೀಲ ಕೆಳಗಿಟ್ಟು, "ಅಜ್ಜಿ, ಕ್ಲಬ್ಬಿಂದ ನನ್ನ ಬಿಡುಗಡೆ ಮಾಡಿದ್ರು" ಅಂದ. ನನಗೆ ತಿಳಿದ ಬಿಡುಗಡೆಗಳೆಲ್ಲ ಒಳ್ಳೆಯವೇ: ಆಸ್ಪತ್ರೆಯಿಂದ, ಜೈಲಿನಿಂದ, ಇಲ್ಲವೇ ಸಿನಿಮಾದ್ದು. ನಮ್ಮ ಹುಡುಗನನ್ನೂ ಸಿನಿಮಾದಂತೆ ದೊಡ್ಡ ತಂಡಕ್ಕೆ ಬಿಡುಗಡೆ ಮಾಡಿದರು ಅಂದುಕೊಂಡು ನಾಲ್ಕು ಮನೆಗೆ ಚಾಕೊಲೇಟ್ ಹಂಚಿ ಬಂದೆ. ಐದನೆಯ ಮನೆಯ ಬಸ್ ಚಾಲಕ ಅದನ್ನು ಕೈಯಲ್ಲೇ ಹಿಡಿದುಕೊಂಡು, "ಅಮ್ಮಾ, ಹಾಗಂದ್ರೆ ಮನೆಗೆ ಕಳಿಸಿಬಿಟ್ರು ಅಂತ" ಅಂದ. ಹಿಂತಿರುಗಿ ಬಂದರೆ ಹುಡುಗ ಗೋಡೆಗೆ ಮುಖ ಮಾಡಿ ಮಲಗಿದ್ದ. ನನ್ನ ಮೊದ್ದುತನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಅಮ್ಮಂಗೆ ಹೇಳ್ಬೇಡ. ಈಗ ತಾನೇ ಅವಳ ಕೆಲ್ಸ ಕಾಯಂ ಆಗಿದೆ, ಎಲ್ಲ ಬಿಟ್ಟು ಓಡಿ ಬರ್ತಾಳೆ" ಎಂದು ನನ್ನಿಂದ ಮಾತು ತೆಗೆದುಕೊಂಡ. ಅವನ ಬಾಯಿಗೆ ಅಲ್ಲಿಗೇ ಬೀಗ ಬಿತ್ತು. ಆಮೇಲೆ "ಹೂಂ", "ಬೇಡ", ಇಷ್ಟೇ. ಕೈಗವಸುಗಳನ್ನು ನನ್ನ ಚಿಂದಿ ಬಟ್ಟೆಯ ಡಬ್ಬಕ್ಕೆ ಹಾಕಿಬಿಟ್ಟಿದ್ದ. "ಚೆನ್ನಾಗಿ ಆಡುತ್ತಿದ್ದಾನೆ" ಎಂದು ನಾನು ನಿನಗೆ ಬರೆಯುವಾಗ ಅವನು ಒಳಕೋಣೆಯಲ್ಲಿ ಚಾವಣಿ ನೋಡುತ್ತಾ ಬಿದ್ದಿರುತ್ತಿದ್ದ. ಹದಿನೇಳರ ಹುಡುಗ ಹಾಗೆ ಸುಮ್ಮನಾದರೆ ಭಯವಾಗುತ್ತದೆ. ತುಂಬಾ ಹೆದರಿದ್ದೆ ಮಗಳೇ.

ನವೆಂಬರಿನಲ್ಲಿ ಸೀಟಿ ಮೇಷ್ಟ್ರು ಮನೆಗೆ ಬಂದರು. ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು. ಕೊರಳಲ್ಲಿ ಸೀಟಿ ಇಲ್ಲದೆ ಅವರನ್ನು ಕಂಡವರಿಲ್ಲ. ಕ್ಲಬ್ಬುಗಳು ಕೈಬಿಟ್ಟ ಹುಡುಗರನ್ನೇ ಸೇರಿಸಿ ತಂಡ ಕಟ್ಟಿದ್ದಾರೆ, ವರ್ಷಕ್ಕೊಮ್ಮೆ ಬೇರೆ ಕ್ಲಬ್ಬಿನವರನ್ನು ಕರೆಸಿ ಒಂದು ಪಂದ್ಯ ಆಡಿಸಿ ತೋರಿಸುತ್ತಾರೆ. ನಮ್ಮವನನ್ನೂ ಕರೆದರು, ಅವನು "ಹೂಂ" ಅಂದ. ಅವರದು ಒಂದೇ ನಿಯಮ, ಅಂಗಿಯ ಮೇಲೆ ಹಳೆಯ ಕ್ಲಬ್ಬಿನ ಲಾಂಛನ ಇರಕೂಡದು. ಹದಿನೇಳು ಅಂಗಿಗಳದ್ದನ್ನು ನಾನೇ ಬಿಚ್ಚಿಕೊಟ್ಟೆ. ನಮ್ಮವನು ಮಾತ್ರ ಕತ್ತರಿ ಕಿತ್ತುಕೊಂಡು ತನ್ನದನ್ನು ತಾನೇ ಬಿಚ್ಚಿದ, ಎದೆಯ ಹತ್ತಿರ ಬಟ್ಟೆಯನ್ನೂ ಹರಿದ. ರಫು ಮಾಡಿಕೊಟ್ಟೆ.

ಭಾನುವಾರ ಆ ಪಂದ್ಯ ನಡೆಯಿತು. ಬೆಂಚಿನ ಮೇಲೆ ಪುಸ್ತಕ ಹಿಡಿದು, ಹುಡುಗರನ್ನು ಆರಿಸಲು ಬಂದ ಕ್ಲಬ್ಬಿನವರು ನಾಲ್ವರು. ಮೊದಲ ಚೆಂಡೇ ಅವನ ಕಾಲ ಸಂದಿಯಿಂದ ಒಳಗೆ ಹೋಯಿತು. ಕಣ್ಣು ಮುಚ್ಚಿಕೊಂಡೆ. ಆಗ ಅವನ ದನಿ ಕೇಳಿಸಿತು, "ಎಡಗಡೆ ಖಾಲಿ ಇದೆ ಕಣ್ರೋ, ಹಿಂದೆ ಬನ್ನಿ". ಎಂಟು ತಿಂಗಳ ಮಾತನ್ನೆಲ್ಲ ಒಟ್ಟಿಗೆ ಆಡುವವನಂತೆ ಪಂದ್ಯ ಮುಗಿಯುವವರೆಗೂ ಕೂಗಿದ. ಇನ್ನೊಂದು ಚೆಂಡನ್ನು ಒಳಗೆ ಬಿಡಲಿಲ್ಲ. ಬೆಂಚಿನಲ್ಲಿದ್ದ ತರಬೇತುದಾರಳೊಬ್ಬಳು, "ಎತ್ತರ ಇರೋರು ಬೇಕಾದಷ್ಟು ಸಿಗ್ತಾರೆ, ಹೀಗೆ ತಂಡ ನಡೆಸೋರು ಸಿಗಲ್ಲ" ಎಂದಳು. ಜುಲೈನಿಂದ ಎರಡು ವರ್ಷಕ್ಕೆ ಅವಳ ಕ್ಲಬ್ಬಿನವರು ತೆಗೆದುಕೊಂಡಿದ್ದಾರೆ. ಎದೆಯ ಭಾರವೆಲ್ಲ ಇಳಿದು, ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಇನ್ನೂ ಐವರಿಗೆ ಜಾಗ ಸಿಕ್ಕಿದೆ. ಮಿಕ್ಕವರು ಸೋಮವಾರ ಮತ್ತೆ ಮೈದಾನಕ್ಕೆ ಬಂದರಂತೆ. ಮೇಷ್ಟ್ರು ಅವರನ್ನು ಅಷ್ಟು ಸುಲಭಕ್ಕೆ ಬಿಡುವವರಲ್ಲ.

ಬೈಯಬೇಕು ಅನಿಸಿದರೆ ನನ್ನನ್ನೇ ಬೈದುಕೋ, ಅವನನ್ನಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕಾಲು ನೋಯದಿರಲಿ, ಮನಸ್ಸು ತಣ್ಣಗಿರಲಿ ಎಂದು ಹರಸುವ

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮೇಷ್ಟ್ರು ಬಂದು, ಹೊಸ ಕ್ಲಬ್ಬಿಗೆ ಕೊಡಬೇಕಾದ ಕಾಗದಗಳನ್ನು ಕೊಟ್ಟು ಹೋದರು. ಎಲ್ಲಕ್ಕಿಂತ ಮೇಲೆ, ಅವರ ತಂಡ ಸೇರಲು ಹಾಕಿದ್ದ ಅರ್ಜಿ. ಕೆಳಗೆ ನಿನ್ನ ಸಹಿ, ಅಕ್ಟೋಬರ್ ತಾರೀಖು. ಹಳೆಯ ಕ್ಲಬ್ಬಿನವರು ತಾಯಿಯೆಂದು ನಿನಗೂ ಆಗಲೇ ತಿಳಿಸಿದ್ದರಂತೆ. ಮೇಷ್ಟ್ರನ್ನು ಹುಡುಕಿ ನಮ್ಮ ಬಾಗಿಲಿಗೆ ಕಳಿಸಿದವಳು ನೀನೇ ಅಂತೆ. ಎಲ್ಲ ಗೊತ್ತಿದ್ದೂ ನನ್ನ ಒಂದೊಂದು ಸುಳ್ಳಿಗೂ "ಸಂತೋಷ ಅಮ್ಮಾ" ಎಂದು ಉತ್ತರ ಬರೆದೆಯಲ್ಲೇ, ಕಳ್ಳಿ. ಅವನಿಗೆ ನಿನ್ನ ವಿಷಯವೂ ಗೊತ್ತಿಲ್ಲ, ಈ ಪತ್ರದ ವಿಷಯವೂ ಗೊತ್ತಿಲ್ಲ. ಬರುವ ಭಾನುವಾರ ಫೋನ್ ಮಾಡಿ ಎಲ್ಲವನ್ನೂ ತಾನೇ ಹೇಳುತ್ತಾನಂತೆ, ನಿನ್ನೆಯಿಂದ ಕನ್ನಡಿ ಮುಂದೆ ಅಭ್ಯಾಸ ನಡೆದಿದೆ. ಮೊದಲ ಸಲ ಕೇಳುವವಳ ಹಾಗೆ ಕೇಳು, ಅವನು ಮುಗಿಸುವ ತನಕ ಅಳಬೇಡ.