ಟೈಲರ್‌ಗೊಂದು ವಿಳಾಸ

ಏಪ್ರಿಲ್ 19

ಮೇಲೆ ಕರಿ ಕೋಟು, ಕೆಳಗೆ ನೈಟಿ. ಕೋರ್ಟು ಈಗ ಊಟದ ಮೇಜಿನ ಮೇಲೇ ನಡೆಯುತ್ತೆ. ಇವತ್ತಿನ ಪೆರೋಲ್ ಅರ್ಜಿಗಳೆಲ್ಲ ಮುಂದಕ್ಕೆ ಹೋದವು. ಒಂದರಲ್ಲಂತೂ ಜೀವ ತೇಯ್ದು ವಾದ ಮಾಡಿದೆ. ಎಲ್ಲ ಮುಗಿದ ಮೇಲೆ ಮಂಡಳಿ ಅಧ್ಯಕ್ಷರು, "ಮೇಡಂ, ನೀವು ಮ್ಯೂಟ್‌ನಲ್ಲಿದೀರ" ಅಂದರು. ಗೋಡೆಗಾದರೂ ಕಾನೂನು ತಿಳಿದಿರುತ್ತೆ ಬಿಡಿ.

ಅಕ್ಕನ ಫೋನು. "ಒಬ್ಬಳೇ ಇದೀಯ, ಬಾಗಿಲು ಭದ್ರ ಮಾಡ್ಕೋ." ಯಾರು ಬರುತ್ತಾರೆ ಅಂತ? ಹಾಲಿನವನೂ ಪ್ಯಾಕೆಟ್ಟು ಗೇಟಿಗೆ ಸಿಕ್ಕಿಸಿ ಓಡುತ್ತಾನೆ.

ಏಪ್ರಿಲ್ 23

ಜೈಲಿನಿಂದ ನನ್ನ ಕಕ್ಷಿದಾರ ಟೈಲರ್ ಫೋನು. ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸಿತು — ತಮ್ಮದಲ್ಲವಂತೆ, ಹಿಂದೆ ಸಾಲಿನಲ್ಲಿ ನಿಂತವರದು. ಬ್ಯಾರಕ್ಕಿನಲ್ಲಿ ಹಿಡಿಸೋ ಜನಕ್ಕಿಂತ ಎರಡರಷ್ಟು ಇದ್ದಾರೆ. ಅಂತರ ಕಾಯ್ದುಕೊಳ್ಳಿ ಅಂತ ಗೋಡೆಗೆ ಬೋರ್ಡು. ಆ ಬೋರ್ಡಿಗೆ ಒರಗಿಕೊಂಡೇ ಮಲಗುತ್ತಾರಂತೆ.

ಎಪ್ಪತ್ತರ ಹತ್ತಿರ ವಯಸ್ಸು, ಸಕ್ಕರೆ ಕಾಯಿಲೆ. ಎಷ್ಟೋ ವರ್ಷದ ಹಿಂದೆ ಅಂಗಡಿಯಲ್ಲಿ ಜಗಳ, ಕೈಯಲ್ಲಿ ಕತ್ತರಿ ಇತ್ತು, ಒಬ್ಬ ಸತ್ತ. ಅದನ್ನು ಅವರೂ ಮುಚ್ಚಿಡೋಲ್ಲ, ನಾನೂ ಮುಚ್ಚಿಡೋಲ್ಲ. ಈಗ ಜೈಲಿನವರೇ ಕೈಗೆ ಕತ್ತರಿ ಕೊಟ್ಟು ಮಾಸ್ಕ್ ಹೊಲಿಸ್ತಿದಾರೆ.

ಈ ಸಾಂಕ್ರಾಮಿಕ ರೋಗದ ಸಲುವಾಗಿ ಪೆರೋಲ್ ಮೇಲೆ ಬಿಡಬಹುದಾದವರಲ್ಲಿ ಇವರೂ ಇದ್ದಾರೆ. ಆದರೆ ನಿಯಮ ಒಂದಿದೆ... ರಕ್ತಸಂಬಂಧಿ ಒಬ್ಬರು ವಿಚಾರಣೆಗೆ ಬಂದು, ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಅನ್ನಬೇಕು. ಇರೋದು ಒಬ್ಬಳೇ ಮಗಳು.

ಏಪ್ರಿಲ್ 24

ಮಗಳಿಗೆ ಫೋನ್ ಮಾಡಿದೆ. ಪಿಸುಮಾತು. "ಮೇಡಂ, ಅಪ್ಪ ತೀರ್ಕೊಂಡಿದಾರೆ ಅಂತ ಗಂಡನ ಮನೇಲಿ ಹೇಳಿದೀನಿ." ಇಟ್ಟೇಬಿಟ್ಟಳು.

ಮೈಯೆಲ್ಲ ಉರಿಯಿತು. ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಸಂಜೆ ಅವಳೇ ತಿರುಗಿ ಮಾಡಿದಳು. "ಸಕ್ಕರೆ ಮಾತ್ರೆ ಸರಿಯಾಗಿ ಕೊಡ್ತಾರಾ ಅವರಿಗೆ?"

ಮೇ 2

ಮಗಳು ದಿನಾ ಸಂಜೆ ಆರಕ್ಕೆ ಫೋನ್ ಮಾಡುತ್ತಾಳೆ, ಬಟ್ಟೆ ಒಣಹಾಕೋ ನೆಪದಲ್ಲಿ ಟೆರೇಸಿಗೆ ಬಂದು. "ಒಣಗಿದ್ದನ್ನೇ ಮತ್ತೆ ಯಾಕೆ ಒಗೀತೀಯ ಅಂತಾರೆ ನಮ್ಮತ್ತೆ." ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ಮನೆ ಮೊದಲಿಗಿಂತ ಖಾಲಿ ಅನ್ನಿಸುತ್ತೆ. ಐದೂವರೆಯಿಂದಲೇ ಕಾಯೋಕೆ ಶುರು ಮಾಡಿದ್ದೇನೆ. ಒಳ್ಳೆ ಲಕ್ಷಣ ಅಲ್ಲ.

ಇವತ್ತು ವಿಚಾರಣೆಗೆ ಬರೋಕೆ ಒಪ್ಪಿದಳು. ಮನೆಯಲ್ಲಿ ಇನ್ನೂ ಹೇಳಿಲ್ಲ. ಮೊದಲು ಅಪ್ಪ ಹೊರಗೆ ಬರಲಿ, ಆಮೇಲೆ ನೋಡಿಕೊಳ್ತೀನಿ ಅಂತಾಳೆ. ಟೈಲರ್ ಫೋನು ಬಂದಾಗ ಇದನ್ನೆಲ್ಲ ಅವರಿಗೂ ಹೇಳಿದೆ.

ಮೇ 6

ಪರದೆ ಮೇಲೆ ನಾಲ್ಕು ಚೌಕ. ಅಧ್ಯಕ್ಷರು, ನಾನು, ಜೈಲಿನಲ್ಲಿ ಟೈಲರ್, ಟೆರೇಸಿನಲ್ಲಿ ಮಗಳು. ಅವಳ ಹಿಂದೆ ಒಣಹಾಕಿದ ಬೆಡ್‌ಶೀಟು.

"ಮಾಸ್ಕ್ ತೆಗಿಯಪ್ಪ, ಮುಖ ಕಾಣ್ಲಿ" ಅಂದರು ಅಧ್ಯಕ್ಷರು. ಟೈಲರ್ ತೆಗೆದರು. ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಆಗಲೇ ಬೆಡ್‌ಶೀಟ್ ಸರಿಸಿಕೊಂಡು ಅತ್ತೆ ಬರಬೇಕೇ! ಕೈಯಲ್ಲಿ ಬಕೆಟ್ಟು. "ಯಾರ ಜೊತೆ ಮಾತಾಡ್ತಿದೀಯ?" ಅಂತ ಬಗ್ಗಿ ನೆಟ್ಟಗೆ ನಮ್ಮನ್ನೇ ನೋಡಿದರು. ಮಗಳ ಮುಖ ಬಿಳಿಚಿಕೊಂಡಿತು.

ಅಧ್ಯಕ್ಷರ ತಲೆ ಫೈಲಿನೊಳಗೆ. "ಏನಪ್ಪ, ಈಕೆ ನಿನ್ನ ಮಗಳೇನಾ?"

ಟೈಲರ್ ನೋಡಿದರು. ಮಾಸ್ಕ್ ಮತ್ತೆ ಹಾಕಿಕೊಂಡರು.

"ಅಲ್ಲ ಸಾರ್. ಈಯಮ್ಮ ಯಾರೋ ನಂಗೆ ಗೊತ್ತಿಲ್ಲ. ನಂಗೆ ಮಕ್ಕಳಿಲ್ಲ."

ಅರ್ಜಿ ವಜಾ. ಚೌಕಗಳು ಒಂದೊಂದಾಗಿ ಆರಿದವು. ಕೊನೆಗೆ ನನ್ನ ಮುಖ ಒಂದೇ ಉಳಿಯಿತು. ಎಷ್ಟು ವಯಸ್ಸಾಗಿದೆ ನನಗೆ.

ಮೇ 7

ಟೈಲರ್ ಫೋನು. ಚೆನ್ನಾಗಿ ಬೈದೆ. "ಬುದ್ಧಿ ನೆಟ್ಟಗಿದೆಯೇನ್ರೀ? ಅಲ್ಲಿದ್ರೆ ಜೀವ ಹೋಗುತ್ತೆ!"

"ಅವಳತ್ತೆ ಬಂದ್ಬಿಟ್ರಲ್ಲ ಮೇಡಂ. ಸತ್ತೋನು ಸತ್ತ ಹಾಗೇ ಇದ್ರೆ ಅವಳ ಸಂಸಾರ ನೆಟ್ಟಗಿರುತ್ತೆ."

ಈ ಸಲದ ಕೆಮ್ಮು ಹಿಂದೆ ನಿಂತವರದಲ್ಲ.

ಆರಾಯಿತು. ಏಳೂ ಆಯಿತು. ಅವಳು ಮಾಡಲಿಲ್ಲ.

ಮೇ 21

ಹೈಕೋರ್ಟಿನಲ್ಲಿ ವಾದ. ಟೈಲರ್ ಒಬ್ಬರಿಗೋಸ್ಕರ ಅಲ್ಲ, ಆ ನಿಯಮಕ್ಕೇ ಕೈ ಹಾಕಿದ್ದೇನೆ. ಸಂಬಂಧಿಕರು ಇಲ್ಲದವರು, ಇದ್ದೂ ಇಲ್ಲದವರು — ಇವರೆಲ್ಲ ಒಳಗೇ ಸಾಯಬೇಕೇ? ಮನೆ ಕೊಡೋರು ಯಾರಾದರೂ ಸಾಕು ಅಂತ ಹೇಳಿ ಸ್ವಾಮಿ, ಅಂದೆ.

ಟೈಲರ್ ಬ್ಯಾರಕ್ಕಿನಲ್ಲಿ ಇಬ್ಬರು ತೀರಿಹೋದರು. ಅವರಿಗೂ ಜ್ವರ, ಜೈಲು ಆಸ್ಪತ್ರೆಗೆ ಹಾಕಿದ್ದಾರೆ. ಮಗಳ ಫೋನು ಸ್ವಿಚ್ ಆಫ್.

ಜೂನ್ 4

ಆದೇಶ ಬಂತು! ರಕ್ತಸಂಬಂಧ ಬೇಕಿಲ್ಲ! ಕುಣಿಯೋಣ ಅನ್ನಿಸಿತು. ಒಬ್ಬಳೇ ಹೇಗೆ ಕುಣಿಯೋದು? ಅಕ್ಕನಿಗೆ ಫೋನ್ ಮಾಡಿದೆ. "ಮೊದಲು ಊಟ ಮಾಡು" ಅಂದಳು.

ಆದರೆ ಟೈಲರ್‌ಗೆ ಮನೆ ಕೊಡೋರು ಯಾರು? ಆಶ್ರಮಗಳಿಗೆಲ್ಲ ಕೇಳಿದೆ, ಬಾಗಿಲು ಹಾಕಿ ಕೂತಿದ್ದಾರೆ. ನನ್ನ ಹಿತ್ತಿಲ ಕೋಣೆಯಲ್ಲಿ ಹಳೇ ಫೈಲು ಬಿಟ್ಟರೆ ಯಾರಿದ್ದಾರೆ?

ವಕೀಲೆಯೇ ಕಕ್ಷಿದಾರನಿಗೆ ಮನೆ ಕೊಡೋದು ಸರಿಯಲ್ಲ. ಹಿಂದೆ ಸರಿದು ಕೇಸು ಜೂನಿಯರ್‌ಗೆ ಒಪ್ಪಿಸಿದೆ. "ತಲೆ ಕೆಟ್ಟಿದೆಯಾ ಮೇಡಂ?" ಅಂದಳು. ಅಕ್ಕ ಅದನ್ನೇ ಇನ್ನೂ ಜೋರಾಗಿ ಅಂದಳು.

ಜೂನ್ 9

ಜ್ವರ ಬಿಟ್ಟಿದೆ. ನಾಳೆ ಬಿಡುಗಡೆ. ಮಗಳಿಗೆ ಮೆಸೇಜ್ ಹಾಕಿದೆ — ನೋಡ್ತಾಳೋ ಇಲ್ಲವೋ.

ಕೋಣೆ ಗುಡಿಸಿದೆ. ಫ್ಯಾನ್ ಒರೆಸಿದೆ. ಮುಂದೆ ಹೊಲಿಗೆ ಮೆಷಿನ್ ತಂದರೆ ಇರಲಿ ಅಂತ ಕಿಟಕಿ ಪಕ್ಕ ಜಾಗ ಬಿಟ್ಟೆ. ಎರಡು ತಟ್ಟೆ ತೊಳೆದಿಟ್ಟೆ. ಊಟದ ಹೊತ್ತಿಗೆ ಏನು ಮಾತಾಡೋದು? ಕೋಟಿನ ತೋಳು ಬಿಚ್ಚಿಕೊಂಡಿದೆ, ಅಲ್ಲಿಂದ ಶುರು ಮಾಡಬಹುದು.

ಜೂನ್ 10, ಮಧ್ಯಾಹ್ನ

ಜೈಲಿನ ಗೇಟಿನ ಮುಂದೆ ಮಗಳು! ಪಕ್ಕದಲ್ಲಿ ಅತ್ತೆ.

ಅತ್ತೆಯೇ ಮಾತು ತೆಗೆದರು. "ಇವಳು ಹೆದರ್ಕೊಂಡು ಫೋನ್ ಆರಿಸಿಟ್ಟಿದ್ಲು. ನಂಗೆ ಅವತ್ತೇ ಗೊತ್ತಾಯ್ತು. ಅದೇ ಮೂಗು ಕಣ್ರೀ! ತಾನಾಗೇ ಬಾಯಿ ಬಿಡ್ಲಿ ಅಂತ ಒಂದು ತಿಂಗಳು ಕಾದೆ. ನಿನ್ನೆ ಫೋನ್ ಆನ್ ಮಾಡಿ, ನಿಮ್ಮ ಮೆಸೇಜ್ ನೋಡಿ ಅತ್ಕೊಂಡು ಹೇಳಿದ್ಲು."

ಟೈಲರ್ ಹೊರಗೆ ಬಂದರು. ಇಬ್ಬರನ್ನೂ ನೋಡಿ ಅಲ್ಲೇ ನಿಂತರು.

"ಈಗಲಾದ್ರೂ ಮಗಳ ಗುರುತು ಸಿಗುತ್ತಾ ನಿಮಗೆ, ಇಲ್ವಾ?" ಅಂದರು ಅತ್ತೆ.

ಟೈಲರ್ ನನ್ನ ಮುಖ ನೋಡಿದರು. "ಹೇಳ್ರೀ, ಇಲ್ಲಿ ಅಧ್ಯಕ್ಷರಿಲ್ಲ" ಅಂದೆ.

"ಮಗಳು" ಅಂದರು. "ನನ್ನ ಮಗಳು."

ಬಿಡುಗಡೆ ಕಾಗದದಲ್ಲಿ ನನ್ನ ಮನೆ ಬದಲು ಮಗಳ ಮನೆ ವಿಳಾಸ ಹಾಕಿಸಿಕೊಟ್ಟಳು ಜೂನಿಯರ್. ಮೂವರೂ ಆಟೋ ಹತ್ತಿದರು.

ಸಂಜೆ

ಸಂತೋಷ. ನಿಜವಾಗಲೂ. ಇಷ್ಟು ಬಡಿದಾಡಿದ್ದು ಇದಕ್ಕೇ ತಾನೇ?

ಆರಾಯಿತು. ಇನ್ನು ಅವಳು ಯಾಕೆ ಫೋನ್ ಮಾಡುತ್ತಾಳೆ, ಅಪ್ಪ ಎದುರಿಗೇ ಇದ್ದಾರಲ್ಲ. ಎರಡನೇ ತಟ್ಟೆ ಒಳಗಿಡೋಕೆ ಹೋದೆ. ಅಳು ಬಂತು. ಮತ್ತೆ ಮೇಜಿನ ಮೇಲೇ ಇಟ್ಟೆ.

ಜೂನಿಯರ್‌ಗೆ ಫೋನ್ ಮಾಡಿದೆ. ವಿಳಾಸ ಇಲ್ಲದವರು ಇನ್ನೂ ಯಾರಿದ್ದಾರೆ ನೋಡು ಅಂದೆ. ಒಳ್ಳೆ ಗಾಳಿ ಬೆಳಕಿನ ಕೋಣೆ, ಫ್ಯಾನೂ ಒರೆಸಿದ್ದಾಗಿದೆ. ಹೊಲಿಗೆ ಬರದಿದ್ದರೂ ಪರವಾಗಿಲ್ಲ ಅನ್ನು, ಊಟದ ಹೊತ್ತಿಗೆ ಸ್ವಲ್ಪ ಮಾತು—