ಬಾಣಂತಿ ಕೋಣೆಯ ಒಲೆ

ಡಿಸೆಂಬರ್ 9, ಸೋಮವಾರ. ಬೆಳಗ್ಗೆ

ಎಣ್ಣೆನೀರು ಆಯಿತು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸೊಂಟಕ್ಕೆ ಹಳೇ ಸೀರೆ. ಕನ್ನಡಿಯಲ್ಲಿ ನೋಡಿಕೊಂಡೆ — ಲಾರಿಗೆ ಹಾಕಲು ಕಟ್ಟಿಟ್ಟ ಮೂಟೆ. ನೀರು ಹಾಕುವ ದುರುಗಮ್ಮ ಕೂಸಿಗೆ ಸಾಂಬ್ರಾಣಿ ಹೊಗೆ ತೋರಿಸಿ, ಮಂಚದ ಕೆಳಗೆ ಕೆಂಡದ ಬಾಣಲೆ ತಳ್ಳಿ ಹೋದಳು. ಕಣ್ಣೆಲ್ಲ ಉರಿ. ಕೂಸು ಸೀನಿತು. ನನಗೂ ಸೀನು ಬಂತು, ಹೆರಿಗೆಯ ಹೊಲಿಗೆ ನೆನಪಾಗಿ ನುಂಗಿಕೊಂಡೆ.

ಕೂಸು ತಿಂಗಳು ತುಂಬುವ ಮೊದಲೇ ಬಂದವಳು. ತೂಕವೇ ಇಲ್ಲ. ಡಿಸ್ಚಾರ್ಜ್ ಮಾಡುವಾಗ ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: ಬೆಚ್ಚಗಿಡಿ, ಥಂಡಿ ತಾಗಿದರೆ ಈ ಮಗು ತಡೆಯೋದಿಲ್ಲ. ಈಶ್ವರ್ ಸೊರಬದಿಂದ ಹೆಂಡತಿ ಮಗಳಿಗೆಂದು ಹೀಟರ್ ತಂದಿಟ್ಟು ಹೋಗಿದ್ದಾರೆ. ಹೀಟರ್ ಇದೆ, ಕರೆಂಟು ಬಂದಾಗ ಬಂತು. ಹಾಗಾಗಿ ಶಿಕಾರಿಪುರದ ನನ್ನ ತವರಿನಲ್ಲಿ ಇನ್ನೂ ಬಾಣಲೆಯದೇ ರಾಜ್ಯ.

ಡಿಸೆಂಬರ್ 10. ಮಧ್ಯಾಹ್ನ

ಅಪ್ಪ ಕೋಣೆಯೊಳಗೆ ಹೆಚ್ಚು ಬರುವುದಿಲ್ಲ. ಬಾಣಂತಿ ಕೋಣೆಗೆ ಗಂಡಸರು ಬರಬಾರದು ಅಂತ ಅವ್ವನ ಕಾನೂನು. ಕಿಟಕಿಯ ಆಚೆ, ಜಗಲಿಯ ಮೇಲೆ ಕೂರುತ್ತಾರೆ. ಕಿಟಕಿ ಸದಾ ಮುಚ್ಚಿದೆ, ಸಂದಿಗೆಲ್ಲ ಬಟ್ಟೆ ತುರುಕಿದೆ. ನಮ್ಮ ಮಾತುಕತೆ ಕಿಟಕಿಯ ಮರದ ಬಾಗಿಲ ಮೂಲಕ.

"ಶರಣ್ಯಾ, ಹೊಗಿ ಭಾಳ ಐತೇನವ್ವ? ಕೆಮ್ತಿದ್ದಿ."

"ಹೂಂ ಅಪ್ಪಾ."

"ಒಂದು ಒಲಿ ಮಾಡ್ಲಾ?"

ಆ ದನಿಯಲ್ಲಿ ಎಷ್ಟು ಆಸೆ ಇತ್ತು! ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಅಂಗಡಿ ಇಟ್ಟ ನಮ್ಮಪ್ಪ ಪರಮಶಿವಪ್ಪನ ಹತ್ತಿರ ಇದ್ದಿಲ ಒಲೆ ಮಾಡಿಸುವವರು ಈಗ ಯಾರಿದ್ದಾರೆ? ನಾನು ಐಟಿಐ ಹುಡುಗರಿಗೆ ಡ್ರಾಯಿಂಗ್ ಹೇಳಿಕೊಡುವವಳು, ಕೈ ಸುಮ್ಮನಿರಲಿಲ್ಲ. ಈ ಡೈರಿಯದೇ ಹಾಳೆ ಹರಿದು ಬರೆದೆ. ನಾಲ್ಕು ಕಾಲು, ಮಧ್ಯೆ ಜಾಲರಿ, ಕೆಳಗೆ ಬೂದಿಗೆ ಪುಟ್ಟ ಬಾಗಿಲು. ಬಟ್ಟೆ ಸರಿಸಿ ಕಿಟಕಿ ಸಂದಿಯಿಂದ ಆಚೆ ತೂರಿಸಿದೆ. ಆ ಕಡೆಯಿಂದ ಅಪ್ಪ ಎಳೆದುಕೊಂಡರು. ಖುಷಿಯಾಯಿತು.

ಡಿಸೆಂಬರ್ 13

ಒಲೆ ಬಂತು. ಕಾಲಿನ ತುದಿಗೆ ಅಪ್ಪ ಹೂವಿನ ಎಸಳು ಕತ್ತರಿಸಿದ್ದಾರೆ, ನಾನು ಬರೆದಿರಲಿಲ್ಲ. ಬೂದಿ ಹಾರುವುದಿಲ್ಲ, ಕೆಂಡ ಸಮವಾಗಿ ಉರಿಯುತ್ತದೆ. ಆದರೆ ಹೊಗೆ ಹಾಗೇ ಇದೆ. ಅವ್ವನಿಗೆ ಅದೇ ಸಮಾಧಾನ. "ಹೊಗಿ ಇರ್ಬೇಕು ಬಾಣಂತಿಗೆ," ಎನ್ನುತ್ತಾಳೆ. ನಮ್ಮವ್ವ ಸರ್ವಮಂಗಳಮ್ಮನವರ ಮಾತಿಗೆ ಎದುರಿಲ್ಲ.

ಡಿಸೆಂಬರ್ 16. ಬೆಳಗ್ಗೆ

ಒಲೆಗೆ ಮುಚ್ಚಳ ಬಂತು, ಮುಚ್ಚಳದಿಂದ ಕೊಳವೆ, ಕೊಳವೆ ಗವಾಕ್ಷಿಯಿಂದ ಆಚೆ. ಹೊಗೆ ಮಾಯ! ಗಾಜಿನ ಹೆಂಚಿನಿಂದ ಗೋಡೆಯ ಮೇಲೆ ಬೀಳುವ ಬಿಸಿಲಿನ ಚೂರು ಈಗ ಸ್ವಚ್ಛವಾಗಿ ಕಾಣುತ್ತದೆ. ಮೊದಲು ಅದರಲ್ಲಿ ಹೊಗೆ ಸುತ್ತುತ್ತಿತ್ತು.

ಸಂಜೆ

ಹೊಗೆಯ ಜೊತೆ ಬಿಸಿಯೂ ಹೋಯಿತು. ಚೀಲದ ಇದ್ದಿಲೆಲ್ಲ ಕೊಳವೆ ಹತ್ತಿ ಮೇಲೆ. ಹೆಂಚಿನ ಮೇಲೆ ಕಾಗೆಗಳು ಸಾಲಾಗಿ ಕೂತು ಕಾಯಿಸಿಕೊಳ್ಳುತ್ತಿವೆಯಂತೆ. ಊರ ಕಾಗೆಗಳಿಗೆಲ್ಲ ನಮ್ಮಲ್ಲೇ ಬಾಣಂತನ. ಕೂಸಿನ ಪಾದ ಮುಟ್ಟಿದೆ... ತಣ್ಣಗೆ. ಎದೆಯ ಮೇಲೇ ಮಲಗಿಸಿಕೊಂಡೆ.

ಇನ್ನೊಂದು ಹಾಳೆ ಹರಿದೆ. ಕೊಳವೆಯೊಳಗೆ ಗುಂಡಗಿನ ತಟ್ಟೆ, ಹೊರಗೆ ಹಿಡಿ. ತಿರುಗಿಸಿದರೆ ದಾರಿ ಸಣ್ಣದಾಗಬೇಕು.

ಡಿಸೆಂಬರ್ 18. ಮಧ್ಯಾಹ್ನ

ತಟ್ಟೆ ಕೂತಿತು. "ಅರ್ಧಕ್ಕೆ ನಿಲ್ಸವ್ವ," ಎಂದರು ಅಪ್ಪ. ಅರ್ಧಕ್ಕೇ ಸಾಕಷ್ಟು ಬೆಚ್ಚಗಿದೆ. ಕೂಸಿನ ಪಾದವೂ ಬೆಚ್ಚಗೆ.

ಅಪ್ಪನಿಗೆ ಎಷ್ಟು ಹಿಗ್ಗೆಂದರೆ ಹಳೆಯ ಕಥೆ ಶುರು ಮಾಡಿದರು. ಚಳಿ ಕೊಳ್ಳುವ ಮುದುಕಿಯ ಕಥೆ. ಚಿಕ್ಕವಳಿದ್ದಾಗ ದಿನಾ ಹೇಳುತ್ತಿದ್ದರು. ಮುದುಕಿ ಊರೂರು ತಿರುಗಿ, ಚಳಿ ಇದ್ರೆ ಕೊಡ್ರವ್ವೋ ಎಂದು ಕೂಗುತ್ತಾಳೆ. ಹೊಸಬಾಳೆಯಲ್ಲಿ ಒಂದಿಷ್ಟು, ಜಡೆಯಲ್ಲಿ ಒಂದಿಷ್ಟು, ಎಲ್ಲ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಚಂದ್ರಗುತ್ತಿ ಗುಡ್ಡ ಹತ್ತುತ್ತಾಳೆ. ನಾನು ಹೂಂ ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಮಗಳಿಗೆ ನಿದ್ದೆ ಬಂತು ಅಂತ ಅರ್ಥ, ಅಪ್ಪ ಕಥೆ ನಿಲ್ಲಿಸಿ ಎದ್ದು ಹೋಗುತ್ತಿದ್ದರು. ಅದಕ್ಕೇ ಗುಡ್ಡದ ಮೇಲೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಇವತ್ತೂ ಗುಡ್ಡದ ಬುಡದಲ್ಲೇ ನಿದ್ದೆ ಹೋದೆ.

ಡಿಸೆಂಬರ್ 20, ಶುಕ್ರವಾರ. ಮಧ್ಯಾಹ್ನ

ಅವ್ವ ಯಾರದೋ ಮನೆ ಗೃಹಪ್ರವೇಶಕ್ಕೆ ಹೋದಳು. ಚಳಿ ಜಾಸ್ತಿ ಅನ್ನಿಸಿ ತಟ್ಟೆ ಪೂರ್ತಿ ತಿರುಗಿಸಿ ಕೊಳವೆ ಮುಚ್ಚಿದೆ. ಇದ್ದಿಲೆಲ್ಲ ಕೆಂಡವಾಗಿದೆ, ಹೊಗೆ ಒಂದೆಳೆಯೂ ಇಲ್ಲ. ಎಷ್ಟು ಒಳ್ಳೆಯ ಒಲೆ ಮಾಡಿದೆವು ನಾವು.

ಸ್ವಲ್ಪ ತಲೆನೋವಿತ್ತು, ಈಗ ಅದೂ ದೂರ. ಮೈ ಹಗುರ. ಮಂಚ ನೀರಿನ ಮೇಲಿದ್ದ ಹಾಗೆ... ಬಿಸಿಲಿನ ಚೂರು ಗೋಡೆ ಬಿಟ್ಟು ಇಳಿದು ನನ್ನ ಹೊದಿಕೆಯ ಮೇಲೆ ನಡೆಯುತ್ತಿದೆ. ಕೂಸಿನ ಕೆನ್ನೆ ಎಷ್ಟು ಕೆಂಪು, ಎಷ್ಟು ಚೆಂದ. ಅಳುವುದನ್ನೇ ಮರೆತಿದ್ದಾಳೆ.

ಅಪ್ಪ ಕಥೆ ಹೇಳುತ್ತಿದ್ದಾರೆ. ಮುದುಕಿ ಜಡೆ ದಾಟಿದಳು. ಹೂಂ. ಗಂಟು ಭಾರವಂತೆ. ಹೂಂ. ಹೂಂ ಅಂದೆನೋ, ಬರೆದೆನೋ... ದನಿ ಬಹಳ ಕೆಳಗಿನಿಂದ ಬರುತ್ತಿದೆ, ಬಾವಿಯೊಳಗೆ ಕೂತು ಹೇಳಿದ ಹಾಗೆ. ಗುಡ್ಡ ಹತ್ತುತ್ತಿದ್ದಾಳೆ. ನಾನೂ. ಹೂಂ. ಹೂಂ. ಹೂ

ಡಿಸೆಂಬರ್ 29, ಭಾನುವಾರ

ಮೇಲಿನ ಹಾಳೆ ಈಗ ಓದಿದೆ. ಕೊನೆಯ ಸಾಲು ಇಳಿಜಾರಾಗಿ ಹಾಳೆಯ ಅಂಚಿಗೆ ಹೋಗಿದೆ. ಅದರ ಕೆಳಗೆ ಗೆರೆ ಎಳೆದೆ. ಮುಂದೆ ಬರೆಯುತ್ತೇನೆ.

ಶಿವಮೊಗ್ಗದ ಆಸ್ಪತ್ರೆಯಿಂದ ನಿನ್ನೆ ಬಂದೆವು. ಕೂಸು ಬದುಕಿದ್ದಾಳೆ. ನಾನೂ. ಇದ್ದಿಲಿನ ಗ್ಯಾಸು, ಕೊಳವೆ ಮುಚ್ಚಿದ್ದಕ್ಕೆ ಕೋಣೆಯಲ್ಲೇ ತುಂಬಿತು, ಎಂದರು ಡಾಕ್ಟರು. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯ ಹಾಗೇ ಬರುತ್ತದಂತೆ, ಕೆನ್ನೆ ಕೆಂಪೇರಿಸುತ್ತದಂತೆ. ಹೊಗೆಯಾದರೂ ಕೆಮ್ಮಿಸಿ ಎಬ್ಬಿಸುತ್ತಿತ್ತು. ನಾವು ಆ ಕೆಮ್ಮನ್ನೇ ತೆಗೆದುಹಾಕಿದ್ದೆವು.

ಸಂಜೆಯ ನೀರಿಗೆ ಬಂದ ದುರುಗಮ್ಮ ಬಾಗಿಲು ತೆಗೆದು ಕಿರುಚಿಕೊಂಡಳಂತೆ. ಕೂಸನ್ನು ಸೆರಗಲ್ಲಿ ಬಾಚಿಕೊಂಡು ಅಂಗಳಕ್ಕೆ ಓಡಿದಳಂತೆ.

ಅಷ್ಟು ಹೊತ್ತೂ ಅಪ್ಪ ಜಗಲಿಯಲ್ಲೇ ಇದ್ದರು. ಹೂಂ ನಿಂತಾಗ ಕಥೆ ನಿಲ್ಲಿಸಿದ್ದರು. ಸದ್ದಾಗದಿರಲಿ ಅಂತ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು, ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ಆಚೆ ಬೀದಿಗೆ ಕಳಿಸಿ ಬಂದಿದ್ದರು. "ಗಲಾಟಿ ಮಾಡಬ್ಯಾಡ್ರಪ್ಪ, ಮಗಳು ಮಲಗ್ಯಾಳ."

ಇದನ್ನು ಅವ್ವ ಹೇಳಿದಳು. ಅಪ್ಪ ಕಿಟಕಿಯ ಹತ್ತಿರವೂ ಬಂದಿಲ್ಲ.

ಜನವರಿ 2. ಬೆಳಗ್ಗೆ

ಈಶ್ವರ್ ಬಂದಿದ್ದರು. ಕಿಟಕಿ ಎರಡೂ ಬಾಗಿಲು ತೆರೆದಿದೆ, ಒಳಗೆ ಮಂಜು. ಕೂಸಿಗೆ ಮೂರು ಟೋಪಿ.

"ಸೊರಬಕ್ಕೆ ಹೋಪನ ಮಾರಾಯ್ತಿ. ಎಂತ ಒಲೆನೂ ಬ್ಯಾಡ, ಎಂತದೂ ಬ್ಯಾಡ."

"ಅಲ್ಲೇನು ಕರೆಂಟು ಹೋಗಲ್ವಾ?"

"ಹೋಗ್ತದೆ. ನಾನು ಇರ್ತೀನಲ್ಲ."

ಜಗಳ ಆಡುವ ಮನುಷ್ಯನಲ್ಲ. ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿದ ಹಾಗಿರಲಿಲ್ಲ. ಸಂಕ್ರಾಂತಿವರೆಗೆ ಸಮಯ ಕೇಳಿದೆ. ಹೋಗಲು ಭಯವಿಲ್ಲ. ಆದರೆ ಅಪ್ಪನನ್ನು ಹೀಗೆ ಬಿಟ್ಟು ಹೋದರೆ ಅವರು ಇನ್ನು ಸುತ್ತಿಗೆ ಹಿಡಿಯುವುದಿಲ್ಲ, ನನಗೆ ಗೊತ್ತು. ಅಂಗಡಿ ಬೀಗ ತೆಗೆದಿಲ್ಲ. ಒಲೆಯನ್ನು ಹಿತ್ತಿಲಿಗೆ ಎಸೆದಿದ್ದಾರೆ. ಬೂದಿಯ ಬಾಗಿಲಿಗೆ ಕೋಳಿ ಇಣುಕುತ್ತದೆ.

ಜನವರಿ 4

ಬಚ್ಚಲಲ್ಲಿ ನೀರು ಹಾಕಿಸಿಕೊಳ್ಳುತ್ತಾ ಕೂತಿದ್ದೆ. ಹಂಡೆಯ ನೀರು ಕುದಿಯುತ್ತಿತ್ತು, ಕಣ್ಣು ಉರಿಯುತ್ತಿರಲಿಲ್ಲ. ಯಾಕೆ? ಹುಟ್ಟಿದಾಗಿನಿಂದ ನೋಡಿದ ಬಚ್ಚಲು! ಒಲೆಯ ಬಾಯಿ ಗೋಡೆಯಾಚೆ ಹಿತ್ತಿಲಿಗಿದೆ. ಸೌದೆ ಅಲ್ಲಿ, ಹೊಗೆ ಅಲ್ಲಿ. ಇಲ್ಲಿ ಬರೀ ಬಿಸಿ.

ಒದ್ದೆ ಕೂದಲಲ್ಲೇ ಬರೆದೆ. ಗೋಡೆಯಲ್ಲಿ ದಪ್ಪ ತಗಡಿನ ಪೆಟ್ಟಿಗೆ. ಅದರ ಬಾಯಿ ಜಗಲಿಗೆ, ಬೆನ್ನು ಕೋಣೆಗೆ. ಬೆನ್ನಿಗೆ ಸಂದಿಯೇ ಇಲ್ಲ, ಸುತ್ತ ವೆಲ್ಡಿಂಗ್, ಆಮೇಲೆ ಸಿಮೆಂಟು. ಕೊಳವೆಯೂ ಹೊರಗೇ. ಒಳಗೆ ತಿರುಗಿಸಲು ಹಿಡಿಯೇ ಇಲ್ಲ. ಕಿಟಕಿ ಒಂದು ಗೇಣು ತೆರೆದೇ ಇರಬೇಕು. ಈ ಹಾಳೆಯನ್ನು ಕಿಟಕಿಯಿಂದ ಕೈಗೇ ಕೊಟ್ಟೆ.

ಅಪ್ಪ ನೋಡಿದರು. ಮಡಿಸಿ ವಾಪಸ್ ಕೊಟ್ಟರು. "ನನ್ನ ಕೈಲಿ ಬ್ಯಾಡವ್ವ. ಬ್ಯಾರೆ ಯಾರ ಹತ್ರನಾರ ಮಾಡ್ಸು."

ಜನವರಿ 6. ಮಧ್ಯಾಹ್ನ

ಊಟವಾದ ಮೇಲೆ ಅಪ್ಪ ಜಗಲಿಗೆ ಬಂದು ಕೂತರು. ಕಥೆಯ ಹೊತ್ತು. ಕಥೆ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಸುಮ್ಮನೆ ಕೂತಿದ್ದಾರೆ, ಕಿಟಕಿಯಿಂದ ಬೋಳು ನೆತ್ತಿ ಮಾತ್ರ ಕಾಣುತ್ತದೆ. ನೋಡಿ ನೋಡಿ ಸಂಕಟವಾಯಿತು.

"ಹೂಂ," ಎಂದೆ.

ನೆತ್ತಿ ಅಲುಗಿತು. ತಿರುಗಲಿಲ್ಲ.

"ಹೂಂ," ಮತ್ತೆ ಎಂದೆ. "ಹೂಂ ಅಪ್ಪಾ. ಹೂಂ."

ಅಪ್ಪ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಪ್ಪ ಅಳುವುದನ್ನು ನಾನು ನೋಡಿರಲಿಲ್ಲ, ನನ್ನ ಮದುವೆಯಲ್ಲೂ. ನಾನು ನಿಲ್ಲಿಸಲಿಲ್ಲ. ಅವರು ಅಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಒಂದು ಕೈ ಕಿಟಕಿಯೊಳಗೆ ಬಂತು. ಖಾಲಿ ಅಂಗೈ. ಹಾಳೆ ಇಟ್ಟೆ.

ಜನವರಿ 8

ಬೆಳಗ್ಗೆ ಅಂಗಡಿಯ ಬೀಗದ ಕೈ ಕೇಳಿದರಂತೆ. ಅವ್ವ ಖುಷಿಗೆ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು. ಯಾರೂ ಹೇಳಲಿಲ್ಲ, ತಿಂದೆವು.

ಜನವರಿ 11, ಶನಿವಾರ

ಗೋಡೆ ಒಡೆದು ಪೆಟ್ಟಿಗೆ ಕೂರಿಸಿದರು. ನಾನು, ಕೂಸು ಎರಡು ದಿನ ಪಡಸಾಲೆಯಲ್ಲಿ. ಅಪ್ಪ ಮೊದಲು ತಾವೇ ಕೋಣೆಯಲ್ಲಿ ಕೂತರು, ಹೊರಗಿನಿಂದ ಅವ್ವನ ಕೈಲಿ ಒದ್ದೆ ಹುಲ್ಲು ಹಚ್ಚಿಸಿ. ಒಂದೆಳೆ ಹೊಗೆ ಒಳಗೆ ಬಂದರೂ ಕಾಣಬೇಕಲ್ಲ. ಗೋಡೆಯ ಸಂದಿಗೆಲ್ಲ ಮೂಗಿಟ್ಟು ನೋಡಿದರು. ಬರಲಿಲ್ಲ. ಹೊರಗೆ ಅವ್ವನೇ ಕೆಮ್ಮಿ ಕೆಮ್ಮಿ ಬೈದಳು. ಈಶ್ವರ್‌ಗೆ ಫೋನ್ ಮಾಡಿ ಹೇಳಿದೆ. "ಬಂದು ನಾನೂ ಮೂಗಿಟ್ಟು ನೋಡ್ತೀನಿ," ಎಂದರು. ನಗು ಬಂತು.

ಜನವರಿ 12, ಭಾನುವಾರ. ಮಧ್ಯಾಹ್ನ

ಕೋಣೆಗೆ ಮರಳಿದೆವು. ಮಂಚದ ಪಕ್ಕ ಗೋಡೆಯಲ್ಲಿ ಕಪ್ಪು ತಗಡಿನ ಬೆನ್ನು. ಬೆಂಕಿ ಕಾಣುವುದಿಲ್ಲ. ಅಂಗೈ ದೂರ ಹಿಡಿದರೂ ಬಿಸಿ ಬರುತ್ತದೆ, ಯಾರೋ ಬೆಚ್ಚಗಿನವರು ಆಚೆ ಒರಗಿ ಕೂತ ಹಾಗೆ. ಕೂತಿರುವುದೂ ನಿಜ. ಇದ್ದಿಲು ಹಾಕುವ ಇಕ್ಕಳ ಅಪ್ಪ ಯಾರಿಗೂ ಕೊಡುತ್ತಿಲ್ಲ.

ಕಿಟಕಿ ಒಂದು ಗೇಣು ತೆರೆದಿದೆ. ಮೂರು ಸಲ ಎದ್ದು ನೋಡಿದೆ. ಕೂಸಿನ ಪಾದ ಬೆಚ್ಚಗೆ, ಕೆನ್ನೆ ಮಾಮೂಲು ಬಣ್ಣ. ಈಗಷ್ಟೇ ಕಿರುಚಿ ಹಾಲು ಕುಡಿದು ಮಲಗಿದಳು. ಅವಳು ಕಿರುಚಿದರೆ ಈಗ ಮನೆಗೆಲ್ಲ ಹಬ್ಬ.

ನಿದ್ದೆ ಬಂದರೆ ಹೆದರಿಕೆಯಾಗುತ್ತದೆ, ಎಂದೆ ಅಪ್ಪನಿಗೆ. ಬಿಸಿಲಿನ ಚೂರು ಹೊದಿಕೆಯ ಮೇಲೆ ಬಂತೆಂದರೆ ಎದ್ದು ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ.

"ಹಂಗಾರ ಕಥಿ ಹೇಳ್ತೀನಿ. ಹೂಂ ತಪ್ಪಿದ್ರೆ ನಾನು ಒಳಗೇ ಬರಾವ. ನಿಮ್ಮವ್ವ ಏನಾರ ಅನ್ಲಿ."

"ಇವತ್ತು ಕೊನೆ ಹೇಳಬೇಕು. ಗುಡ್ಡದ ಮೇಲೆ ಏನಾಯ್ತು?"

ಇಕ್ಕಳದ ಸದ್ದು.

"ನಂಗೂ ಗೊತ್ತಿಲ್ಲವ್ವ. ಅಲ್ಲಿಗಂಟ ಯಾವತ್ತೂ ಹೋಗೇ ಇಲ್ಲ. ಅಷ್ಟರಾಗ ನಿಂಗೆ ನಿದ್ದಿ ಬರ್ತಿತ್ತಲ್ಲ."

ಈಗ ಕಟ್ಟುತ್ತಾ ಹೇಳುತ್ತಿದ್ದಾರೆ, ತಡೆದು ತಡೆದು. ಹೂಂ ಅನ್ನುತ್ತಾ ಬರೆಯುತ್ತಿದ್ದೇನೆ. ಬಾಯಲ್ಲೇ ಅನ್ನುತ್ತಿದ್ದೇನೆ, ಜೋರಾಗಿ. ಮುದುಕಿ ಗುಡ್ಡ ಹತ್ತಿದಳಂತೆ. ಗಂಟು ಇಳಿಸಿದಳಂತೆ. ಊರೂರಿನ ಚಳಿ ಎಲ್ಲ ಅದರಲ್ಲಿ. ಕೈ ಮರಗಟ್ಟಿ ಗಂಟು ಬಿಚ್ಚಲಾಗದೆ ಹಲ್ಲಿನಿಂದ ಎಳೆದಳಂತೆ. ಸೊರಬದ ದೀಪಗಳೆಲ್ಲ ಅಲ್ಲಿಂದ ಕಾಣುತ್ತವಂತೆ, ಒಂದೊಂದು ಮನೆಯಲ್ಲೂ ಕೂಸುಗಳು ಬೆಚ್ಚಗೆ

ಅಯ್ಯೋ. ಬರೆಯುತ್ತಾ ಹೂಂ ತಪ್ಪಿತು. ಇಕ್ಕಳ ಬಿದ್ದ ಸದ್ದು, ಓಡಿ ಬರುವ ಹೆಜ್ಜೆ, ಅವ್ವನ ಗದರಿಕೆ — ಹೂಂ ಅಪ್ಪಾ! ಹೂಂ, ಹೂಂ, ಎಚ್ಚರ ಇದೀನಿ, ಗಂಟು ಬಿಚ್ಚಿದ್ಲು, ಆಮೇ